ಕೊರಳಿನ ಮೂರು ಉಬ್ಬು

“ಗುರುಗಳೇ, ನನ್ನೊಳಗಿನ ಕೆಟ್ಟದ್ದು ನನಗೆ ಗೊತ್ತಿದೆ. ಅದು ಯಾರನ್ನೂ ಮುಟ್ಟದಂತೆ ಕಾಯುತ್ತಲೂ ಇದ್ದೇನೆ. ಅದನ್ನು ನಾಲ್ಕು ಜನಕ್ಕೆ ಹೇಳಿ ಮಾನ ಕಳೆದುಕೊಳ್ಳಬೇಕೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ತೊಗಲಿಗೆ ಹುಳು ಹಿಡಿಯದಂತೆ ಸವರುವ ಪಾಷಾಣದ ನೀರನ್ನು ತುಂಬಿಡಲು ತೊಗಲಿನ ವ್ಯಾಪಾರಿ ಅವನಿಂದಲೇ ಗಡಿಗೆ ಮಾಡಿಸುತ್ತಿದ್ದ. ವಿಷದ ಗಡಿಗೆಗೆ ಎರಡು ಕಟ್ಟಳೆಗಳಿದ್ದವು. ಕತ್ತಲಲ್ಲಿ ಮುಟ್ಟಿದರೂ ತಿಳಿಯುವಂತೆ ಕೊರಳಿಗೆ ಮೂರು ಉಬ್ಬು ಇಡಬೇಕು. ಮಣ್ಣು ವಿಷವನ್ನು ಹೀರಿಕೊಂಡಿರುವುದರಿಂದ, ಬರಿದಾದ ಮೇಲೆ ಮಾಡಿದವನೇ ಅದನ್ನು ಒಡೆಯಬೇಕು.

ಒಮ್ಮೆ ಅವನ ಕೈಯಿಂದ ಒಂದು ಗಡಿಗೆ ಎದ್ದಿತು. ಅಂಥದ್ದು ಅವನ ಜನ್ಮದಲ್ಲಿ ಮತ್ತೊಂದಾಗಲಿಲ್ಲ. ಬೆರಳಿನಿಂದ ತಟ್ಟಿದರೆ ಕಂಚಿನ ಹಾಗೆ ದನಿ ಕೊಡುತ್ತಿತ್ತು. ವರ್ಷದ ಮೇಲೆ ವ್ಯಾಪಾರಿ ಅದನ್ನು ಒಡೆಯಲೆಂದು ತಂದುಕೊಟ್ಟ. ಕುಂಬಾರ ಕಲ್ಲನ್ನು ಕೈಗೆತ್ತಿಕೊಂಡ. ಮನಸ್ಸು ಬರಲಿಲ್ಲ. ಪಾಪಿ, ಆಗಲೇ ಕಣ್ಣು ಮುಚ್ಚಿ ಒಡೆದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬೂದಿ ಹಾಕಿ ಏಳು ಸಲ ತಿಕ್ಕಿ ತೊಳೆದ. ಅಂದ ಕೆಡಿಸುತ್ತವೆಂದು ಮೂರು ಉಬ್ಬುಗಳನ್ನೂ ಉಜ್ಜಿ ನುಣುಪು ಮಾಡಿದ. ಅಟ್ಟದ ಮೇಲಿಟ್ಟು, ಕಟ್ಟಳೆ ಮುರಿದವನೆಂಬ ಮಾತು ಬಂದೀತೆಂದು ಯಾರಿಗೂ ಬಾಯಿ ಬಿಡದೆ, ದಿನವೂ ಅತ್ತ ಒಂದು ಕಣ್ಣಿಟ್ಟೇ ಇದ್ದ.

“ಅಷ್ಟು ಚೆಂದದ ಗಡಿಗೆ ಯಾಕಪ್ಪಾ ಸುಮ್ಮನೆ ಕೂತಿದೆ?” ಎಂದು ಮಗಳು ಕೇಳಿದಳು. ಅವನಿಗೆ ಇದ್ದವಳು ಅವಳೊಬ್ಬಳೇ.

“ಮುಟ್ಟಬೇಡ ಮಗಳೇ, ಒಡೆದೀತು,” ಎಂದ.

ಹೀಗೇ ಕೆಲವು ವರ್ಷ ಕಳೆದವು. ಒಂದು ಬೇಸಿಗೆಯಲ್ಲಿ ಮನೆಯ ಮಜ್ಜಿಗೆ ಗಡಿಗೆ ಬಿರುಕುಬಿಟ್ಟಿತು. ಮಗಳು ಅಟ್ಟ ಹತ್ತಿದಳು. ಅಪ್ಪನ ಮಾತು ನೆನೆದು, ಆ ಗಡಿಗೆಯನ್ನು ಎರಡೂ ಕೈಯಿಂದ ಜೋಪಾನವಾಗಿ ಇಳಿಸಿದಳು. ಕುಂಬಾರರ ಮನೆಯ ಹುಡುಗಿ ಅಲ್ಲವೇ, ಕೊರಳನ್ನು ಸುತ್ತಲೂ ಸವರಿ ನೋಡಿದಳು. ಬೆರಳಿಗೆ ಏನೂ ತಾಕಲಿಲ್ಲ. ಮಜ್ಜಿಗೆ ತುಂಬಿಟ್ಟಳು. ಹೊತ್ತೇರಿದಾಗ ತಾನೇ ಮೊದಲು ಕುಡಿದಳು.

ಸಂಜೆ ಕುಂಬಾರ ಮನೆಗೆ ಬಂದಾಗ ನೆರೆಯವರು ಅಂಗಳದಲ್ಲಿ ನಿಂತಿದ್ದರು. ಮಗಳ ಮೈ ತಣ್ಣಗಾಗಿತ್ತು. ಅವನು ಗಡಿಗೆಯನ್ನು ಹೊರಗೆ ತಂದು ಒಡೆದ. ಈ ಸಲ ಕಲ್ಲು ಹುಡುಕುವಷ್ಟೂ ತಡೆಯಲಿಲ್ಲ, ನೆಲಕ್ಕೇ ಅಪ್ಪಳಿಸಿದ.

ಗುರು ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು. “ಅಷ್ಟು ವರ್ಷ ಅದನ್ನು ಕಾದಿದ್ದನಲ್ಲ, ಗುರುಗಳೇ!” ಎಂದ.

“ಕಾದಿದ್ದ, ನಿನ್ನ ಹಾಗೆಯೇ. ಅದೊಂದು ದಿನ ಮಾತ್ರ ಸಂತೆಗೆ ಹೋಗಿದ್ದ.”