ಸದ್ದಿಲ್ಲದ ಹೊಸ ಗಾಡಿ

ಕರೆಂಟಿನ ಹೊಸ ಪಿಕಪ್ಪನ್ನು ಮೊದಲು ಎದುರುಗೊಂಡವರಿಗೆ ಮುಂದಿನ ಸೀಟಿನ ಸವಾರಿ ಎಂದು ಯಜಮಾನಿ ನೀಲಾಂಬಿಕಮ್ಮ ಸಾರಿದ್ದರು. ಬೆಳಗಿನಿಂದ ನಾಯಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

"ಬೆಕ್ಕಮ್ಮಾ, ಅದಕ್ಕೆ ಡೀಸೆಲ್ ಬೇಡ, ಹೊಗೆಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ! ಆ ಸೀಟು ನನ್ನದೇ ಅಂದುಕೋ."

"ಆಗಲಿ ನಾಯಣ್ಣ. ಅದು ಬಂದದ್ದು ನಿನಗೆ ಹೇಗೆ ತಿಳಿಯುತ್ತದೆ?"

"ಈ ಕಿವಿ ಇರುವುದು ಯಾತಕ್ಕೆ? ಹಳೇ ಗಾಡಿಯ ಗುಡುಗುಡು ಊರಾಚೆಯಿಂದಲೇ ಹಿಡಿಯುತ್ತಿದ್ದೆ!" ಎಂದ ನಾಯಿ ಗೇಟಿನೊಳಗೆ ನೆಲಕ್ಕೆ ಕಿವಿಯಾನಿಸಿ, ಕಣ್ಣು ಮುಚ್ಚಿ ಮಲಗಿತು. ಬೆಕ್ಕು ಗೇಟಿನ ಕಂಬ ಹತ್ತಿ ದಾರಿ ನೋಡುತ್ತ ಕುಳಿತಿತು.

ಬಿಸಿಲೇರಿತು. "ಇನ್ನೇನು, ಬಂದೇಬಿಡುತ್ತದೆ!" ನಾಯಿ ಬಾಲ ಬಡಿಯಿತು.

"ಸ್ವಲ್ಪ ಜರುಗು ನಾಯಣ್ಣ," ಮುಂದಿನ ಸೀಟಿನ ಕಿಟಕಿಯಿಂದ ಬೆಕ್ಕು ಇಣುಕಿತು. "ಗಾಡಿ ಒಳಗೆ ತರಬೇಕು."