ಮಾವುತ ಕೊಟ್ಟ ತೀರ್ಪು

ಒಂದು ರಾಜ್ಯದಲ್ಲಿ ಸಾಕವ್ವ ಅಂತ ಒಬ್ಬ ಮುದುಕಿ ಇದ್ದಳು. ಅರಮನೆಯ ಆನೆಗಳಿಗೆ ರಾಗಿಮುದ್ದೆ ಕಟ್ಟೋದು ಅವಳ ಕೆಲಸ. ನಮ್ಮ ನಿಮ್ಮ ಮನೆ ಮುದ್ದೆಯಲ್ಲ ಮಕ್ಕಳೇ, ಒಂದೊಂದೂ ಕುಂಬಳಕಾಯಿ ಗಾತ್ರ.

ಅದೇ ಆನೆಲಾಯದಲ್ಲಿ ದೊಡ್ಡಮಾದ ಎಂಬ ಮಾವುತನಿದ್ದ. ಹೆಂಡತಿ ತೀರಿಹೋಗಿದ್ದಳು. ಏಳು ವರ್ಷದ ಮಗಳು ಚೆಲುವಿ ಇದ್ದಳು. ಕುಡಿಯದ ದಿನ ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗುವನು. ಹೆಂಡ ಒಳಗಿಳಿಯಿತೋ, ಅವನು ಅವನಲ್ಲ. ಕೈಗೆ ಸಿಕ್ಕಿದ್ದು ಕೋಲು, ಎದುರಿಗೆ ಸಿಕ್ಕವಳು ಚೆಲುವಿ. ಬರಬರುತ್ತಾ ಕುಡಿಯದ ದಿನಗಳೇ ಕಡಿಮೆಯಾದವು.

ಒಂದು ದಿನ ಸಾಕವ್ವನ ಹತ್ತಿರ ಬಂದ ಚೆಲುವಿಯ ಕೆನ್ನೆ ಊದಿತ್ತು. ಕಣಜ ಕಚ್ಚಿತು ಅಂದಳು. ಇನ್ನೊಂದು ದಿನ ಕುಂಟುತ್ತಾ ಬಂದಳು. ಹೊಸ್ತಿಲು ಎಡವಿದೆ ಅಂದಳು. ಮೂರನೇ ಸಲ ಬೆನ್ನ ಮೇಲೆ ಬಾಸುಂಡೆ. ಹೇಳೋಕೆ ಯಾವ ಸುಳ್ಳೂ ತೋಚಲಿಲ್ಲ. ಸಾಕವ್ವ ಗದರಲಿಲ್ಲ. ಬಿಸಿ ಮುದ್ದೆ ಮುರಿದು, ಬೆಲ್ಲವಿಟ್ಟು ಕೊಟ್ಟು, ಪಕ್ಕದಲ್ಲಿ ಕೂತಳು.

"ನಾನು ಕೆಟ್ಟವಳಂತೆ ಅಜ್ಜಿ. ಅದಕ್ಕೇ ಅಪ್ಪ ಕುಡಿಯೋದಂತೆ, ಹೊಡೆಯೋದಂತೆ."

ಸಾಕವ್ವ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಕಂದಾ. ನನಗೆ ಹೇಳಿ ಒಳ್ಳೇದು ಮಾಡಿದೆ."

ನೆರೆಯವರನ್ನು ಕೇಳಿದಳು. ಅಪ್ಪ ಮಗಳ ಮಾತು ನಮಗ್ಯಾಕೆ ಅಂದರು. ಲಾಯದ ಯಜಮಾನನನ್ನು ಕೇಳಿದಳು. ಅವನು ಮೀಸೆ ತೀಡಿಕೊಂಡು ಆಚೆ ನೋಡಿದ. ಮುದುಕಿ ಬಿಟ್ಟಾಳೆಯೇ? ಹಿಟ್ಟು ಮೆತ್ತಿದ ಕೈಯಲ್ಲೇ ಸೀದಾ ರಾಜನ ಹತ್ತಿರ ಹೋದಳು. ವಿಷಯ ತಿಳಿಸಿ, ದೊಡ್ಡಮಾದನನ್ನು ಏನು ಕೇಳಬೇಕು ಅನ್ನೋದನ್ನೂ ಹೇಳಿಕೊಟ್ಟಳು.

ಮಾರನೇ ಬೆಳಿಗ್ಗೆ ರಾಜ ದೊಡ್ಡಮಾದನನ್ನು ಕರೆಸಿದ. ಲಾಯದಲ್ಲೊಬ್ಬ ಕುಡಿದು ಬಂದು ತಾಯಿಯಿಲ್ಲದ ಮರಿಗೆ ಹೊಡೀತಾನಂತೆ, ಏನು ಮಾಡೋಣ ಅಂತ ಕೇಳಿದ.

ಆನೆಮರಿಗಳೆಂದರೆ ಪ್ರಾಣ ಬಿಡುವ ಮಾವುತ ಕೆಂಡವಾದ. "ಇವತ್ತೇ ಮರಿಯನ್ನ ಅವನ ಕೈಯಿಂದ ಬಿಡಿಸಿ ಬುದ್ಧಿ. ಕುಡಿತ ಬಿಡೋವರೆಗೂ ಅವನು ಹತ್ತಿರ ಸುಳೀಬಾರದು."

"ಮರಿಯೂ ಏನಾದರೂ ತಂಟೆ ಮಾಡಿರಬಹುದಲ್ಲ?"

"ಮರಿ ಏನು ಮಾಡೀತು ಬುದ್ಧಿ? ತಪ್ಪೆಲ್ಲ ಕುಡಿದವನದ್ದೇ."

"ಸರಿ. ಆ ಮರಿಯ ಹೆಸರು ಚೆಲುವಿ" ಅಂದ ರಾಜ.

ಕಂಬದ ಹಿಂದೆ ಸಾಕವ್ವನ ಸೆರಗು ಹಿಡಿದು ನಿಂತಿದ್ದ ಚೆಲುವಿ ಅಪ್ಪನ ಮಾತನ್ನು ಪೂರಾ ಕೇಳಿಸಿಕೊಂಡಿದ್ದಳು.

ಅವತ್ತಿನಿಂದ ಅವಳು ಸಾಕವ್ವನ ಮನೆಯಲ್ಲೇ ಬೆಳೆದಳು. ಕುಡಿತ ಬಿಡಿಸೋಕೆ ದೊಡ್ಡಮಾದನನ್ನು ಮದ್ದು ಕೊಡುವ ಪಂಡಿತರ ಕೈಗೆ ಒಪ್ಪಿಸಿದರು. ಒಮ್ಮೆ ತೂರಾಡುತ್ತಾ ಬಂದ, ಸಾಕವ್ವ ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಬಂದು ಆಣೆ ಪ್ರಮಾಣ ಮಾಡಿದ, ಆಗಲೂ ತೆರೆಯಲಿಲ್ಲ. ಒಂದು ವರ್ಷ ಹೆಂಡ ಮುಟ್ಟದೆ ಇದ್ದು ಮೂರನೇ ಸಲ ಬಂದವನು ಜಗಲಿಯ ಕೆಳಗೆ ಸುಮ್ಮನೆ ಕೂತ. ಚೆಲುವಿ ತಾನಾಗಿಯೇ ಹೊರಗೆ ಬಂದು ಹತ್ತು ಮಾರು ದೂರದಲ್ಲಿ ಕೂತಳು. ಮಾರನೇ ದಿನ ಒಂಬತ್ತು ಮಾರು.

ಅದಕ್ಕೇ ಮಕ್ಕಳೇ, ದೊಡ್ಡವರ ಕುಡಿತಕ್ಕೆ ಮಕ್ಕಳು ಹೊಣೆಯಲ್ಲ. ಪೆಟ್ಟು ತಿಂದರೆ ನಂಬಿದವರ ಹತ್ತಿರ ಹೇಳಿ. ಮಗುವಿನ ಬೆನ್ನ ಮೇಲೆ ಬಾಸುಂಡೆ ಕಂಡವರು ನಮಗ್ಯಾಕೆ ಅನ್ನಬಾರದು.