ಏರಿಯ ಬುಡದ ತೀರ್ಥ

ತಿಪ್ಪಯ್ಯ ತಾತನ ಆಶ್ರಮದ ಹಿಂದೆ ಒಂದು ಕೆರೆಯಿತ್ತು. ಸರ್ಕಾರದ್ದಲ್ಲ, ಊರಿನದೂ ಅಲ್ಲ. ತಾತನೂ ಶಿಷ್ಯರೂ ಸೇರಿ ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಹೊತ್ತು ಹಾಕಿ, ತುಳಿದು, ಏರಿ ಕಟ್ಟಿ ಮಾಡಿಕೊಂಡ ಕೆರೆ.

ಹಿರಿಯ ಶಿಷ್ಯ ಮರುಳಯ್ಯನಿಗೆ ಆ ಏರಿಯೆಂದರೆ ಪ್ರಾಣ. ಅದರ ಮೇಲೆ ಒಂದು ಕಳೆ ಹುಟ್ಟಿದರೂ ಅವನೇ ಕೀಳಬೇಕು.

ಏರಿಯ ಕೆಳಗೆ, ಹಳ್ಳದ ದಂಡೆಯಲ್ಲಿ, ಕುರಿ ಸಾಕುವವರ ಹಟ್ಟಿಯಿತ್ತು.

ಆ ವರ್ಷ ಮಳೆ ಮನಸ್ಸು ಬಿಚ್ಚಿ ಸುರಿಯಿತು. ಕೆರೆ ಅಂಚಿನವರೆಗೂ ತುಂಬಿ ನಿಂತಿತು. ತಾತ ಸಂಚಾರಕ್ಕೆ ಹೋಗಿದ್ದಾಗ ಒಂದು ಬೆಳಗ್ಗೆ, ಏರಿಯ ಬುಡದಲ್ಲಿ, ಹಟ್ಟಿಯ ಕಡೆಗೆ, ನೀರು ಬುಗುಬುಗು ಉಕ್ಕುವುದನ್ನು ಮರುಳಯ್ಯ ಕಂಡ. ತಾತನ ತಪಸ್ಸಿಗೆ ಗಂಗೆ ಒಲಿದಳು ಎಂದು ಅವನ ಕಣ್ಣು ತುಂಬಿ ಬಂತು.

ಬೇರೆಯವರಾಗಿದ್ದರೆ ಇಲ್ಲಿ ನೀರು ಯಾಕೆ ಬಂತು ಎಂದು ಯೋಚಿಸುತ್ತಿದ್ದರೇನೋ. ಮರುಳಯ್ಯ ಭಕ್ತ, ಅರಿಶಿನ ಕುಂಕುಮ ತರಲು ಓಡಿದ. ಸುತ್ತ ಕಲ್ಲು ಜೋಡಿಸಿದ, ದಾಸವಾಳ ಏರಿಸಿದ. ಸುದ್ದಿ ಹಬ್ಬಿ, ಜನ ಕ್ಯಾನು ಬಾಟಲಿ ಹಿಡಿದು ಬರತೊಡಗಿದರು.

ಅವರ ಹಿಂದೆಯೇ ನೀರಾವರಿ ಇಲಾಖೆಯ ಎಂಜಿನಿಯರ್ ಅನಸೂಯಾ ಬಂದರು. ಖಾಸಗಿ ಕೆರೆಗಳ ಏರಿಯನ್ನೂ ತಪಾಸಣೆ ಮಾಡಬೇಕೆಂಬ ನಿಯಮವಿದೆ, ಒಮ್ಮೆ ನೋಡಿ ಹೋಗುತ್ತೇನೆ ಎಂದರು.

ಮರುಳಯ್ಯನಿಗೆ ಮೈ ಉರಿಯಿತು. ಆದರೆ ಬೈದು ಕಳಿಸುವುದಕ್ಕಿಂತ ಸತ್ಕಾರ ಮಾಡಿ ಕಳಿಸುವುದು ಸುಲಭ ಎಂದು ಆಶ್ರಮದಲ್ಲಿದ್ದು ಕಲಿತಿದ್ದ. ಶಾಲು ಹೊದಿಸಿದ, ಹಣ್ಣು ಕೊಟ್ಟ, ಊಟಕ್ಕೆ ಕೂರಿಸಿದ.

ಅನಸೂಯಾ ಉಂಡರು, ಶಾಲು ಮಡಿಸಿಟ್ಟರು, ಏರಿಗೆ ದಾರಿ ಯಾವುದು ಎಂದು ಕೇಳಿದರು.

ಚಪ್ಪಲಿ ಮೆಟ್ಟಿಕೊಂಡು ಯಾರೂ ಏರಿಯ ಹತ್ತಿರ ಹೋಗುವ ಹಾಗಿಲ್ಲ ಎಂದ. ಆಕೆ ಚಪ್ಪಲಿ ಬಿಟ್ಟರು. ತಾತನ ಅಪ್ಪಣೆ ಬೇಕು ಎಂದ. ಅಷ್ಟು ಹೇಳಿ ಮುಗಿಸುವಾಗ ತಾತನೇ ಬಾಗಿಲಲ್ಲಿ ನಿಂತಿದ್ದರು.

ಅವರು ಜೋಳಿಗೆ ಇಳಿಸುವ ಮೊದಲೇ ಮರುಳಯ್ಯ ನಡೆದುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಉದ್ಧರಣೆಯಲ್ಲಿ ತೀರ್ಥ ಹಿಡಿದ.

ತಾತ ಕೈ ಒಡ್ಡಲಿಲ್ಲ. ಗಾಜಿನ ಲೋಟದ ತುಂಬ ಅದೇ ನೀರು ತರಿಸಿ ಜಗಲಿಯ ಮೇಲಿಟ್ಟರು. ಆಮೇಲೆ ಎಂಜಿನಿಯರಮ್ಮನನ್ನು ಬಂದ ಕೆಲಸವೇನೆಂದು ವಿಚಾರಿಸಿದರು.

ಮರುಳಯ್ಯನಿಗೆ ತಡೆಯಲಾಗಲಿಲ್ಲ.

“ನಮ್ಮ ಜಾಗ, ನಮ್ಮ ಮಣ್ಣು, ನಮ್ಮ ಬೆವರು ತಾತ. ಇದನ್ನ ಸರ್ಕಾರದೋರು ಯಾಕೆ ನೋಡ್ಬೇಕು?”

“ಏರಿ ನಮ್ದೇ ಕಣಪ್ಪ. ಅದರ ಕೆಳಗೆ ಮಲಗೋರು ನಾವಲ್ಲ.”

ಅಷ್ಟರಲ್ಲಿ ಲೋಟದ ನೀರು ಮೇಲೆ ತಿಳಿಯಾಗುತ್ತ ಬಂದಿತ್ತು. ತಳದಲ್ಲಿ ಹಳದಿ ಮಣ್ಣು ಕೂತಿತ್ತು.

“ಇದು ಎಲ್ಲೀದು?” ಎಂದು ತಾತ ಕೇಳಿದರು.

ಮರುಳಯ್ಯ ಲೋಟ ಎತ್ತಿ ನೋಡಿದ. ಎಲ್ಲಿ ಅಗೆದರೂ ಕೆಂಪು ಮಣ್ಣೇ ಸಿಗುವ ಸೀಮೆ ಅದು. ಹಳದಿ ಜೇಡಿಮಣ್ಣನ್ನು ಹರೆಯದಲ್ಲಿ ಅವನೇ ದೂರದ ಗುಡ್ಡದಿಂದ ಹೊತ್ತು ತಂದಿದ್ದ, ನೀರು ನುಸುಳದಿರಲೆಂದು ಏರಿಯ ನಡುವಿಗೆ ತುಂಬಲು. ಅವನು ಲೋಟ ಕೆಳಗಿಟ್ಟ.

“ಏರಿಯ ಹೊಟ್ಟೇದು, ತಾತ.”

ಗಂಗೆ ಒಲಿದು ಬಂದಿರಲಿಲ್ಲ. ಕೆರೆಯ ನೀರೇ ಏರಿಯನ್ನು ಒಳಗಿನಿಂದ ಕೊರೆಯುತ್ತ, ಅದರ ಮಣ್ಣನ್ನು ಹೊತ್ತುಕೊಂಡು ಆಚೆ ಬರುತ್ತಿತ್ತು.

ತಾತ ಅನಸೂಯಾರತ್ತ ತಿರುಗಿ ಕೈ ಮುಗಿದರು.

“ಏನು ಮಾಡ್ಬೇಕು ಹೇಳು ತಾಯಿ. ನೀನು ಹೇಳ್ದಂಗೆ ಮಾಡ್ತೀವಿ.”

ಆಕೆ ಬರಿಗಾಲಲ್ಲೇ ಓಡಿ ಹೋಗಿ ನೋಡಿ ಬಂದರು. ಹಟ್ಟಿಯವರು ಈಗಲೇ ಎತ್ತರಕ್ಕೆ ಬರಬೇಕು, ತೂಬು ಎತ್ತಿ ಕೆರೆಯ ನೀರು ಇಳಿಸಬೇಕು ಎಂದರು. ನೀರು ಉಕ್ಕುತ್ತಿರುವ ಊಟೆಯ ಬಾಯಿ ಮಾತ್ರ ಮುಚ್ಚಬಾರದು, ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ಅದರ ಮೇಲೆ ಮರಳು, ಮರಳಿನ ಮೇಲೆ ಜಲ್ಲಿ ಹಾಕಿದರೆ ನೀರು ಹೋದರೂ ಮಣ್ಣು ಉಳಿಯುತ್ತದೆ ಎಂದು ತಿಳಿಸಿ ಹೇಳಿದರು.

ಮರುಳಯ್ಯ ಒಳಗೊಳಗೇ ಲೆಕ್ಕ ಹಾಕಿದ. ತೋಟಕ್ಕೆ, ದನಕ್ಕೆ, ದಾಸೋಹಕ್ಕೆ ಇಡೀ ವರ್ಷ ಇರುವುದು ಅದೊಂದೇ ನೀರು. ಅದು ಹೋಗಲಿ, ಗುರುವಿನ ಹೆಸರಿನ ಗತಿಯೇನು? ಹಟ್ಟಿಯವರಿಗೆ ಏರಿಯ ಸುದ್ದಿ ಎತ್ತದೆ, ಆಶ್ರಮದಲ್ಲಿ ಏನೋ ಪೂಜೆ ಇದೆ ಎಂದು ಕರೆಯೋಣ ಎಂದು ಅವನು ಮೆಲ್ಲಗೆ ಹೇಳತೊಡಗಿದ.

ಕೇಳಿಸಿಕೊಳ್ಳಲು ತಾತ ಅಲ್ಲಿರಲಿಲ್ಲ. ಕೆರೆಯೊಳಗೆ ಎದೆಮಟ್ಟ ನೀರಿನಲ್ಲಿ ನಿಂತು ತೂಬು ಎತ್ತುತ್ತಿದ್ದರು. ಎತ್ತಿ ಬಂದವರು ಒದ್ದೆ ಬಟ್ಟೆಯಲ್ಲೇ ಹಟ್ಟಿಗೆ ಇಳಿದು ಮನೆ ಮನೆಯ ಬಾಗಿಲಿಗೂ ಹೋದರು. ಪ್ರತಿ ಬಾಗಿಲಲ್ಲೂ ಅದೇ ಮಾತು.

“ನಾನು ಕಟ್ಟಿದ ಏರಿ ಸೋರ್ತಾ ಐತೆ. ತಪ್ಪು ನಂದು. ಮಕ್ಕಳನ್ನ ಕರ್ಕೊಂಡು ಮೇಲಕ್ಕೆ ಬನ್ನಿ.”

ಬಾಟಲಿ ಹಿಡಿದು ನಿಂತಿದ್ದ ಭಕ್ತರಿಗೂ ಅದು ಕೇಳಿಸಿತು. ಕೆಲವರು ಬಾಟಲಿಯ ನೀರು ಚೆಲ್ಲಿದರು.

ಮರುಳಯ್ಯ ಒಬ್ಬ ಮುದುಕಿಯ ಗಂಟು ಹೊತ್ತು, ಕಂಕುಳಲ್ಲಿ ಕುರಿಮರಿ ಇರುಕಿಕೊಂಡು ಹಿಂದೆ ಬರುತ್ತಿದ್ದ. ತಾತನ ಪ್ರವಚನಗಳನ್ನು ಅವನು ವರ್ಷಗಟ್ಟಲೆ ಕೇಳಿದ್ದ. ಆದರೆ ಆ ಬಾಗಿಲುಗಳಲ್ಲಿ ಕೇಳಿದ ಮಾತಿಗೆ ತಗ್ಗಿದ ಹಾಗೆ ಅವನ ತಲೆ ಯಾವತ್ತೂ ತಗ್ಗಿರಲಿಲ್ಲ. ಇಂಥವರ ಶಿಷ್ಯನಾದೆನಲ್ಲ ಎಂದು ಹೆಮ್ಮೆಯಾಯಿತು. ಇಂಥವರ ಬಾಗಿಲಲ್ಲಿ ಶಾಲು ಹೊದಿಸಿ ಒಬ್ಬರನ್ನು ಸಾಗಹಾಕಲು ನೋಡಿದೆನಲ್ಲ ಎಂದು ನಾಚಿಕೆಯೂ ಆಯಿತು.

ಊಟೆಯ ಮೇಲೆ ಮರಳು, ಜಲ್ಲಿ ಬಿತ್ತು. ಏರಿ ಒಡೆಯದೆ ನಿಂತಿತು. ಹಟ್ಟಿಯವರು ಆಶ್ರಮದ ಪಡಸಾಲೆಯಲ್ಲಿ ಮಲಗಿದರು, ತಾತ ಅಂಗಳದಲ್ಲಿ. ಅನಸೂಯಾ ದಿನವೂ ಬಂದು ಏರಿ ನೋಡಿ ಹೋಗುತ್ತಿದ್ದರು. ಕೆರೆ ಬತ್ತಿ ಕೆಸರು ಕಂಡ ಮೇಲೆ, ಇನ್ನು ಭಯವಿಲ್ಲ ಎಂದು ಆಕೆ ಹೇಳಿದ ಮೇಲೆಯೇ ತಾತ ಹಟ್ಟಿಯವರನ್ನು ಮನೆಗೆ ಬಿಟ್ಟದ್ದು.

ಮರುದಿನ ಬೆಳಗ್ಗೆ ದೂರದ ಊರಿನಿಂದ ಒಂದು ಗುಂಪು ತೀರ್ಥಕ್ಕೆಂದು ಬಂತು. ಊಟೆ ನಿಂತುಹೋದದ್ದನ್ನು ಕಂಡು, ತಾತನ ಶಕ್ತಿ ಇಷ್ಟೇ ಏನು ಎಂದು ಗೊಣಗಿತು. ಮರುಳಯ್ಯ ನೊಂದುಕೊಂಡು, ಏರಿಯ ಮೇಲೆ ಕೂತಿದ್ದ ತಾತನ ಬಳಿಗೆ ಹೋದ.

“ಪವಾಡ ನೋಡೋಕೆ ಬಂದವ್ರೆ, ತಾತ. ಏನು ಹೇಳ್ಲಿ?”

ತಾತ ಕೆಳಗೆ ಕೈ ತೋರಿಸಿದರು.

“ಹಟ್ಟಿಯೋರು ಒಲೆ ಹಚ್ಚವ್ರೆ ನೋಡು. ಬಂದೋರಿಗೆ ಅದನ್ನ ತೋರ್ಸು.”